ಪದ ಬೇಕಾಗಿದೆ, ತುರ್ತು: ಬ್ರೇಕ್ ಪೈಪಿನ ‘ಫ್ಲೇರ್’, ‘ಫಿಟ್ಟಿಂಗ್’, ‘ಲೀಕ್’

ಪ್ರಶ್ನೆ, ಪುಣೆಯ ಭೋಸರಿಯಿಂದ:
ಇಲ್ಲಿನ ಗ್ಯಾರೇಜೊಂದಕ್ಕೆ ಕನ್ನಡ ಸೂಚನಾಫಲಕ ಬರೆದುಕೊಡಬೇಕು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಕೆಲಸದ ಹುಡುಗರು ಹೆಚ್ಚಾಗಿ ವಿಜಯಪುರ, ಕಲಬುರಗಿ ಕಡೆಯವರು. ಬ್ರೇಕ್ ಪೈಪಿನ ಫ್ಲೇರ್, ಅಂದರೆ ಅಗಲಿಸಿದ ತುದಿಯಲ್ಲಿ, ಅದನ್ನು ಒತ್ತಿ ಹಿಡಿಯುವ ಫ್ಲೇರ್ ನಟ್ ಕೂರುವಲ್ಲಿ, ಲೀಕ್ ಕಂಡರೆ ಟೆಫ್ಲಾನ್ ಟೇಪ್ ಸುತ್ತಬಾರದು, ಮತ್ತೆ ಮತ್ತೆ ಬಿಗಿಯಬಾರದು, ಬಿಚ್ಚಿ ನೋಡಬೇಕು. ‘ಗತಿರೋಧಕ ನಾಳದ ಸಂಧಿಯಲ್ಲಿ ಸೋರಿಕೆ’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ, ಕಲ್ಯಾಣದಿಂದ:
ಸರಿಯಿಲ್ಲ. ಸಂಸ್ಕೃತದ ಮೂಟೆಯನ್ನು ಗ್ಯಾರೇಜಿನ ಹುಡುಗರ ಮೇಲೆ ಹೊರಿಸಬೇಡಿ. ಗಾಡಿಯ ಬ್ರೇಕಿಗೆ ‘ಬಿರಿ’ ಎಂಬ ಅಚ್ಚಗನ್ನಡ ಪದವಿದೆ, ‘ಬಿರಿಗೊಳವೆ’ ಎನ್ನಿ. ಬಿರಿ ಎಂದರೆ ಅರಳುವುದೂ ಹೌದು, ಆದ್ದರಿಂದ ಫ್ಲೇರ್ ‘ಬಿರಿಬಾಯಿ’. ಫಿಟ್ಟಿಂಗ್ ‘ಕೂಡಿಕೆ’. ಎರವಲಿನ ಚಟ ಬಿಟ್ಟರೆ ಕನ್ನಡದಲ್ಲಿ ಎಲ್ಲವೂ ಇದೆ.

ಉತ್ತರ, ಕೋಥರೂಡಿನಿಂದ:
‘ಬಿರಿಬಾಯಿ’ ಬೇಡವೇ ಬೇಡ. ನೆಲ ಬಿರಿಯುತ್ತದೆ, ತುಟಿ ಬಿರಿಯುತ್ತದೆ. ಬಿರುಕು ಬಿಟ್ಟ ಫ್ಲೇರಿನಿಂದಲೇ ಸೋರುವಾಗ ಒಳ್ಳೆಯ ಫ್ಲೇರಿಗೂ ಅದೇ ಹೆಸರಿಟ್ಟರೆ ಹುಡುಗನು ಯಾವುದನ್ನು ತೆಗೆದುಹಾಕಬೇಕು? ‘ಗತಿರೋಧಕ’ವೂ ಬೇಡ. ಪುಣೆಯ ರಸ್ತೆಯಲ್ಲಿ ‘ಪುಢೆ ಗತಿರೋಧಕ ಆಹೇ’ ಎಂದರೆ ಮುಂದೆ ಉಬ್ಬು ಇದೆ ಎಂದರ್ಥ.

ವಸ್ತುವಿನ ಹೆಸರು ಎರವಲಾಗಿರಲಿ, ಕ್ರಿಯಾಪದ ಕನ್ನಡದ್ದಾಗಿರಲಿ ಎಂಬುದು ನನ್ನ ನಿಲುವು. ಪೋರ್ಚುಗೀಸರ ‘ಚಾವಿ’ಯನ್ನು ಮನೆಯದಾಗಿಸಿಕೊಂಡವರಿಗೆ ನಟ್, ಪೈಪು ಭಾರವಲ್ಲ. ಆದರೆ ‘ಲೀಕ್’ ಎಂದು ಬರೆದರೆ ಕಳೆದುಕೊಳ್ಳುವುದು ಬಹಳ. ಜಿನುಗು, ಒಸರು, ತೊಟ್ಟಿಕ್ಕು, ಸೋರು: ನಮ್ಮಲ್ಲಿ ಒಂದೊಂದಕ್ಕೂ ಪ್ರತ್ಯೇಕ ಅಳತೆ. ‘ಸೋರಿದರೆ’ ಎಂದರೆ ಹನಿ ನೆಲಕ್ಕೆ ಬೀಳುವವರೆಗೆ ಕಾಯುತ್ತಾರೆ. ಬ್ರೇಕಿನ ವಿಷಯದಲ್ಲಿ ನಟ್ಟಿನ ಸುತ್ತ ತೇವ ಕಂಡರೂ ಗಾಡಿ ರಸ್ತೆಗೆ ಇಳಿಯಬಾರದು. ‘ಜಿನುಗಿದರೂ’ ಎಂದೇ ಬರೆಯಿರಿ, ಆ ಕೊನೆಯ ‘ಊ’ ಬಿಡಬೇಡಿ.

ಫ್ಲೇರಿಗೆ ‘ಅರಳಿಸಿದ ಬಾಯಿ’ ಸಾಕು. ಆ ಬಾಯಿ ಲೋಹಕ್ಕೆ ಲೋಹ ಒತ್ತಿ ಕೂತಾಗಲೇ ದ್ರವ ನಿಲ್ಲುತ್ತದೆ. ನಟ್ಟಿನ ಥ್ರೆಡ್ ಒತ್ತಿ ಹಿಡಿಯುತ್ತದೆ ಅಷ್ಟೇ, ತಡೆಯುವುದಿಲ್ಲ. ಟೇಪಿನಿಂದ ಪ್ರಯೋಜನವಿಲ್ಲದಿರುವುದು ಅದಕ್ಕೇ. ‘ಫಿಟ್ಟಿಂಗ್’ ಪದವೇ ಬೇಕಿಲ್ಲ. ಸ್ಪ್ಯಾನರಿಗೆ ಅಲ್ಲಿ ನಡೆಯುವ ‘ಪಾನಾ’ ಇರಲಿ. ನನ್ನ ಕರಡು:

‘ಬ್ರೇಕ್ ಪೈಪಿನ ನಟ್ಟಿನ ಬಳಿ ಜಿನುಗಿದರೂ ಗಾಡಿ ಹೊರಗೆ ಬಿಡಬೇಡಿ. ಟೇಪ್ ಸುತ್ತಬೇಡಿ. ಅತಿಯಾಗಿ ಬಿಗಿಯಬೇಡಿ. ಫ್ಲೇರ್ ಪಾನಾದಿಂದ ಬಿಚ್ಚಿ, ಅರಳಿಸಿದ ಬಾಯಿ ನೋಡಿ. ಬಿರುಕಿದ್ದರೆ ಪೈಪು ಬದಲಿಸಿ. ತಾಮ್ರದ ವಾಷರ್ ಇರುವಲ್ಲಿ ಹೊಸದನ್ನೇ ಹಾಕಿ. ಕೊನೆಗೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಿರಿ.’

ಕಲ್ಯಾಣದಿಂದ:
ನಟ್, ಪೈಪು, ಟೇಪ್, ವಾಷರ್, ಪಾನಾ. ಇದರಲ್ಲಿ ಕನ್ನಡ ಎಲ್ಲಿದೆ? ಒಳಗಿನ ದ್ರವಕ್ಕಾದರೂ ‘ತಡೆಯೆಣ್ಣೆ’ ಎಂದು ಸೇರಿಸಿ.

ಭೋಸರಿಯಿಂದ:
‘ಜಿನುಗಿದರೂ’ ತೆಗೆದುಕೊಂಡೆ, ಉಪಕಾರವಾಯಿತು. ದ್ರವಕ್ಕೆ ‘ಬ್ರೇಕ್ ಎಣ್ಣೆ’ ಆಗಬಹುದೇ? ಹುಡುಗರು ‘ಆಯಿಲ್’ ಎನ್ನುತ್ತಾರೆ.

ಕೋಥರೂಡಿನಿಂದ:
ಬಾಯಲ್ಲಿ ಅನ್ನಲಿ, ಫಲಕದಲ್ಲಿ ಬೇಡ. ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವಗಳು ಗ್ಲೈಕಾಲ್ ಎಂಬ ರಾಸಾಯನಿಕದ ಮೂಲದವು, ಎಣ್ಣೆಯಲ್ಲ. ‘ಎಣ್ಣೆ’ ಎಂದು ಓದಿದ ಹೊಸ ಹುಡುಗ ಎಂಜಿನ್ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಬ್ರೇಕೇ ಕೆಡುತ್ತದೆ. ‘ಬ್ರೇಕ್ ಫ್ಲೂಯಿಡ್’ ಎಂದು ಬರೆದು, ಕಾರಿನ ಬ್ರೇಕ್ ದ್ರವದ ಡಬ್ಬಿಯ ಮುಚ್ಚಳದ ಮೇಲಿರುವ ಡಾಟ್ ಸಂಖ್ಯೆಯದನ್ನೇ ಹಾಕಲು ಹೇಳಿ. ಇಲ್ಲಿ ಎರವಲು ಪದವೇ ಸರಿಯಾದ ಪದ.