ಕಡತ: ‘ಕಡಿ’ಯಿಂದ ಬಂದದ್ದೇ?

ಪ್ರಶ್ನೆ: ಸಾಗರ, ಹೊಸನಗರದ ಕಡೆಯ ಹಳೆಯ ಲೆಕ್ಕಗಳಲ್ಲಿ ‘ಕಡತ’ ಎಂದು ಬರುತ್ತದೆ. ಅದನ್ನು ಈಗಿನ ತಾಲ್ಲೂಕು ಕಚೇರಿಯ ‘ಫೈಲು’ ಎಂದೇ ಓದಬಹುದೆ? ಕಡಿದ ಹಾಳೆಗಳ ಕಟ್ಟು ಆದ್ದರಿಂದ ಕಡತ ಎನ್ನುವುದು ಸರಿಯೆ?

ಉತ್ತರ: ಎರಡೂ ಸರಿಯಲ್ಲ. ಕಡತದ ಗುಣವೇ ಅದನ್ನು ಎಲ್ಲಿಯೂ ಕಡಿಯದಿರುವುದು. ಸುಮಾರು 8ರಿಂದ 12 ಅಂಗುಲ ಅಗಲದ, 12ರಿಂದ 18 ಅಡಿ ಉದ್ದದ ಒಂದೇ ಅರಿವೆ ಅದು. ಹುಣಸೆಬೀಜದ ಸರಿಗೆ, ಅಂದರೆ ಅಂಟಿಗೆ, ಇದ್ದಿಲ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿಯುತ್ತಿದ್ದರು. ಚೆನ್ನಾಗಿ ಒಣಗಿದ ಮೇಲೆ ಹಿಂದಕ್ಕೂ ಮುಂದಕ್ಕೂ ಸಮನಾಗಿ ಮಡಿಸಿ, ತುದಿಯ ಮಡಿಕೆಗಳಿಗೆ ಮರದ ಹಲಗೆ ಕೂರಿಸಿದರೆ ನೋಡಲು ಪುಸ್ತಕ. ಎಳೆದು ಬಿಡಿಸಿದರೆ ಮತ್ತೆ ಅದೇ ಉದ್ದದ ಪಟ್ಟಿ. ಬರೆಯುವುದು ಬಳಪದ ಕಡ್ಡಿಯಿಂದ. ಸ್ಲೇಟಿನ ಹಾಗೆ ಒರೆಸಿ ಮತ್ತೆ ಬರೆಯಬಹುದು.

ಶಾಸನಗಳಲ್ಲಿ ಈ ಪದ ‘ಕಡಿತ’ ಎಂದಿದೆ. ಕಲ್ಯಾಣ ಚಾಲುಕ್ಯರ ಕಾಲದ ‘ಕಡಿತವೆರ್ಗಡೆ’ ಎಂದರೆ ಲೆಕ್ಕಪತ್ರಗಳ ಹೊಣೆ ಹೊತ್ತ ಅಧಿಕಾರಿ. ‘ವೇತನ ಕಡಿತ’ದ ಕಡಿತವನ್ನು ಇದಕ್ಕೆ ಗಂಟು ಹಾಕಬಾರದು. ತಮಿಳಿನಲ್ಲಿ ‘ಕಡಿದಂ’ ಈಗ ಕಾಗದ, ಓಲೆ ಎಂಬ ಅರ್ಥಕ್ಕೆ ಸರಿದಿದೆ. ನಮ್ಮಲ್ಲಿ ಫೈಲಿನ ಕಡೆಗೆ ಸರಿಯಿತು. ವಸ್ತು ಬದಲಾಯಿತು, ಹೆಸರು ಉಳಿಯಿತು. ಫೈಲಿಗೆ ಇಷ್ಟು ಹಳೆಯ, ಇಷ್ಟು ಚೊಕ್ಕ ಪದ ನಮ್ಮಲ್ಲಿ ಉಳಿದಿರುವುದು ದೊಡ್ಡ ಭಾಗ್ಯ.

ಒರೆಸಬಹುದಾದದ್ದು ದಾಖಲೆಯಾದೀತೆ ಎಂದು ಕೇಳಬಹುದು. ಆಗುತ್ತಿತ್ತು. ಸಾಕ್ಷಿ ಹಾಕಿದ ಸಾಲದ ಕರಾರನ್ನು ವರ್ತಕನ ಕಡತದಲ್ಲಿ ಬರೆದಿದ್ದುದೂ, ಅದನ್ನು ಪುರಾವೆಯಾಗಿ ಒಪ್ಪಿದ್ದೂ ಉಂಟೆಂದು ಮೈಸೂರಿನ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ 1810ರಲ್ಲಿ ಬರೆದಿದ್ದಾನೆ. ಸರ್ಕಾರಿ ಲೆಕ್ಕಕ್ಕೆ ಕಡತ ಬಳಸುವುದನ್ನು ಟಿಪ್ಪು ನಿಷೇಧಿಸಿದ್ದನೆಂದೂ, ಆದರೂ ಒಳ್ಳೆಯ ಕಾಗದಕ್ಕಿಂತ ಕಡತವೇ ಹೆಚ್ಚು ಬಾಳುತ್ತದೆಂದೂ ಅವನ ಮಾತು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಗೆ ಆಕರ.

ಮನೆಯ ಅಟ್ಟದಲ್ಲಿ ಸಿಕ್ಕಿದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಅಕ್ಷರ ಎಂದರೆ ಕಪ್ಪಿನ ಮೇಲೆ ಕೂತ ಬಳಪದ ಪುಡಿ ಅಷ್ಟೇ, ಒಂದೇ ಒರೆಸಿಗೆ ಹೋಗುತ್ತದೆ. ಮಳೆಗಾಲದ ಥಂಡಿಗೆ ಸರಿಯ ಮೇಲೆ ಬೂಷ್ಟು ಹಿಡಿಯುತ್ತದೆ, ಅಂಟಿನ ಆಸೆಗೆ ಹುಳುವೂ ಬರುತ್ತದೆ. ಬಿಸಿಲು ಬಿದ್ದ ದಿನಗಳಲ್ಲಿ, ನೆರಳಿನಲ್ಲಿ ಬಿಡಿಸಿ. ಮಡಿಕೆಯ ಅಂಚಿನಲ್ಲಿ ಲೇಪ ಬಿರಿದಿದ್ದರೆ ಜಗ್ಗಿದಾಗ ಆ ಸಾಲಿನ ಅಕ್ಷರಗಳೇ ಉದುರುತ್ತವೆ. ಮಾಸಿದ ಬರಹಕ್ಕೆ ಒಂದು ಮಗ್ಗುಲಿನಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಕಡತ ಎರಡೂ ಕಡೆಯಿಂದ ತೆರೆಯುವುದರಿಂದ ಮೊದಲ ಪುಟ ಯಾವುದೆಂದು ಸಂವತ್ಸರ, ತಿಥಿ ನೋಡಿಯೇ ತೀರ್ಮಾನಿಸಬೇಕು. ಒಂದು ಮಡಿಕೆ ತಪ್ಪಿದರೂ ಮೊತ್ತ ಕೂಡುವುದಿಲ್ಲ.