ಹಳೇ ರಕ್ತಪಾತದ ಅನಿಮೆ, ಅದರೊಳಗಿನ ಪರದೇಶದ ಊರುಗಳು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಈಗಿನ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಚಿತ್ರಗಳನ್ನು, ಸಾಕಷ್ಟು ನೋಡಿದ್ದೇನೆ. 80–90ರ ದಶಕದ್ದು ಅಷ್ಟಾಗಿ ಗೊತ್ತಿಲ್ಲ. ಮೊನ್ನೆ ದೊಡ್ಡಪ್ಪನ ಮಗ ‘ಮ್ಯಾಡ್ ಬುಲ್ 34’ರ ಒಂದು ತುಣುಕು ತೋರಿಸಿದ. ನ್ಯೂಯಾರ್ಕ್ ಪೊಲೀಸಿನವನು, ಭಾರೀ ಆಳು, ಪ್ಯಾಂಟಿನೊಳಗೆ ಗ್ರೆನೇಡ್ ಕಟ್ಟಿಕೊಂಡು ಓಡಾಡುತ್ತಾನೆ. ಕಥೆ ಪೂರ್ತಿ ಅತಿರೇಕ, ಆದರೆ ಆ ಬೀದಿಗಳಿಂದ ಕಣ್ಣು ಕೀಳೋಕೆ ಆಗಲಿಲ್ಲ. ಅಣ್ಣನಂತೂ ಇಂಥವನ್ನೆಲ್ಲ ನೆನೆಸಿಕೊಂಡು ಗಂಟೆಗಟ್ಟಲೆ ಮಾತಾಡುತ್ತಾನೆ.

ಯಾವುದರಿಂದ ಶುರು ಮಾಡಬೇಕು? ಹಿಂಸೆ ಎಷ್ಟರ ಮಟ್ಟಿಗೆ ಇರುತ್ತದೆ? ಊರುಗಳು ಅರ್ಧ ನಿಜ, ಅರ್ಧ ಕಲ್ಪನೆ ಅನ್ನಿಸುತ್ತವಲ್ಲ, ಅದು ಯಾಕೆ? ನೋಡಿದವರು ನಿಮ್ಮ ಅನುಭವ ಹೇಳಿ.

ಬೆಂಗಳೂರಿನಿಂದ

ನಾನು ಅನಿಮೇಷನ್ ಸ್ಟುಡಿಯೋದಲ್ಲಿ ಹಿನ್ನೆಲೆ ಚಿತ್ರ ಬರೆಯುವವನು. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಗೋಡೆ, ರಸ್ತೆ, ಆಕಾಶದ ಕಡೆ. ನಿಮ್ಮ ಮೂರನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದವಕ್ಕೂ ಅದರಲ್ಲೇ ಉತ್ತರ ಇದೆ.

ಇವುಗಳಲ್ಲಿ ಹೆಚ್ಚಿನವು ಓವಿಎ. ಅಂದರೆ ಟಿವಿಗೂ ಅಲ್ಲ, ಥಿಯೇಟರಿಗೂ ಅಲ್ಲ, ನೇರವಾಗಿ ವಿಡಿಯೋ ಕ್ಯಾಸೆಟ್ಟಿಗೆ ಅಂತ ಮಾಡಿದ್ದು. 1983ರ ‘ಡಾಲೋಸ್’ ಇದರಲ್ಲಿ ಮೊದಲನೆಯದು, ನಿರ್ದೇಶಕ ಮಾಮೊರು ಒಶಿಯಿ. ಟಿವಿ ಚಾನೆಲ್‌ಗೆ ಹೆದರಬೇಕಾಗಿರಲಿಲ್ಲ, ಮಕ್ಕಳು ನೋಡುತ್ತಾರೆ ಅನ್ನುವ ಅಡ್ಡಿಯೂ ಇರಲಿಲ್ಲ. ಕ್ಯಾಸೆಟ್ ಬಾಡಿಗೆ ಅಂಗಡಿಯ ಕಪಾಟಿನಲ್ಲಿ ಎದ್ದು ಕಾಣಬೇಕು, ಅಷ್ಟೇ. ರಕ್ತ ಅಷ್ಟೊಂದು ಹರಿದದ್ದಕ್ಕೆ ಇದು ದೊಡ್ಡ ಕಾರಣ.

ಆಗ ಜಪಾನಿನಲ್ಲಿ ದುಡ್ಡೂ ಇತ್ತು. 80ರ ದಶಕದ ಕೊನೆ ಅಂದರೆ ಅವರ ಜಮೀನು, ಷೇರುಗಳ ಬೆಲೆ ಆಕಾಶಕ್ಕೇರಿದ್ದ ಕಾಲ. 1989ರಲ್ಲಿ ಮಿತ್ಸುಬಿಷಿ ಎಸ್ಟೇಟ್ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನ ಹೆಚ್ಚಿನ ಪಾಲನ್ನೇ ಕೊಂಡುಕೊಂಡಿತು. ಆ ಊರನ್ನು ಕೊಳ್ಳುವಷ್ಟು ಶಕ್ತಿ ಬಂದಿದ್ದ ಹೊತ್ತಿನಲ್ಲೇ, ಆ ಊರನ್ನು ಕಂಡರೆ ಭಯ ಮತ್ತು ಆಸೆ ಎರಡೂ ಇತ್ತು. ಅಮೆರಿಕದ ಪೊಲೀಸ್ ಸಿನಿಮಾ, ಫೋಟೋ ಪುಸ್ತಕ, ಪತ್ರಿಕೆ ಸುದ್ದಿ, ಇವೆಲ್ಲ ಸೇರಿ ಅವರ ತಲೆಯಲ್ಲಿ ಒಂದು ನ್ಯೂಯಾರ್ಕ್ ಕಟ್ಟಿತ್ತು. ನೀವು ನೋಡಿದ್ದು ಆ ನ್ಯೂಯಾರ್ಕ್.

ಆದರೆ ಅದನ್ನು ಬರೆದ ಕೈಗಳು ಸಾಮಾನ್ಯದ ಕೈಗಳಲ್ಲ. ಹಿನ್ನೆಲೆಯನ್ನು ಕಾಗದದ ಮೇಲೆ ಪೋಸ್ಟರ್ ಕಲರ್‌ನಲ್ಲಿ ಕೈಯಿಂದಲೇ ಬರೆಯುತ್ತಿದ್ದರು. ಪಾತ್ರಗಳು ಪಾರದರ್ಶಕ ಸೆಲ್ ಹಾಳೆಯ ಮೇಲೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಕ್ಯಾಮೆರಾದಲ್ಲಿ ಒಂದೊಂದೇ ಚಿತ್ರ ತೆಗೆಯುವುದು. ಕಥೆ ಎಷ್ಟೇ ಹುಚ್ಚಾಟ ಆಡಲಿ, ಒದ್ದೆ ಡಾಂಬರಿನ ಮೇಲೆ ನಿಯಾನ್ ಬೆಳಕು ಬಿದ್ದಿರುವುದನ್ನು ಒಬ್ಬ ಮನುಷ್ಯ ಕೂತು ಬ್ರಷ್‌ನಲ್ಲಿ ಎಳೆದಿದ್ದಾನೆ. ನಿಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಅದೇ ಅಂತ ನನಗೆ ಅನ್ನಿಸುತ್ತದೆ.

ಶುರು ಮಾಡುವುದಾದರೆ ‘ಗೊಲ್ಗೊ 13: ದಿ ಪ್ರೊಫೆಷನಲ್’. 1983ರ ಸಿನಿಮಾ, ಒಸಾಮು ದೆಜಾಕಿ ನಿರ್ದೇಶನ. ಬಾಡಿಗೆ ಹಂತಕನೊಬ್ಬ ಅಮೆರಿಕದ ಎಣ್ಣೆ ದೊರೆಯ ಮಗನನ್ನು ಕೊಲ್ಲುತ್ತಾನೆ, ಅಪ್ಪ ಸೇಡಿಗೆ ಸರ್ಕಾರವನ್ನೇ ಎಬ್ಬಿಸುತ್ತಾನೆ. ಕಥೆ ಇಷ್ಟೇ. ನೋಡಬೇಕಾದ್ದು ದೆಜಾಕಿಯ ಕೈಚಳಕ. ಪಾತ್ರ ತಿರುಗಿ ನೋಡುತ್ತದೆ, ಚಲನೆ ಅಲ್ಲೇ ನಿಲ್ಲುತ್ತದೆ, ಆ ಮುಖ ಒರಟು ಗೆರೆಗಳ ಬಣ್ಣದ ಚಿತ್ರವಾಗಿ ಗಟ್ಟಿಯಾಗುತ್ತದೆ. ಒಂದೆರಡು ಕ್ಷಣ ಅಷ್ಟೇ, ಆಮೇಲೆ ಮತ್ತೆ ಓಟ. ಗಗನಚುಂಬಿ ಕಟ್ಟಡದ ಮೇಲೆ ಹೆಲಿಕಾಪ್ಟರ್‌ಗಳು ದಾಳಿ ಮಾಡುವ ಭಾಗವನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ, 1983ರಲ್ಲಿ! ಈಗ ನೋಡಿದರೆ ಅದು ಉಳಿದದ್ದರ ಜೊತೆ ಸೇರುವುದೇ ಇಲ್ಲ. ಆದರೂ ಆ ಧೈರ್ಯ ನನಗೆ ತುಂಬ ಇಷ್ಟ.

ಆಮೇಲೆ ‘ಮ್ಯಾಡ್ ಬುಲ್ 34’ ನೋಡಿ. 1990ರಿಂದ 92ರವರೆಗೆ ಬಂದ ನಾಲ್ಕು ಭಾಗ. ನಿರ್ದೇಶಕ ಸಾತೋಶಿ ದೆಜಾಕಿ, ಒಸಾಮುವಿನ ಅಣ್ಣ. ತಮ್ಮನದನ್ನು ಮೊದಲು ನೋಡಿ, ಅಣ್ಣನದನ್ನು ಆಮೇಲೆ ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ನ್ಯೂಜೆರ್ಸಿಯಿಂದ

ಮೂಲ ಹಾಸನ, ಈಗ ಇಲ್ಲಿ. ಮೇಲಿನವರು ಹೇಳಿದ ‘ತಲೆಯೊಳಗಿನ ನ್ಯೂಯಾರ್ಕ್’ ಬಗ್ಗೆ ಒಂದು ಮಾತು ಸೇರಿಸಬೇಕು.

‘ಮ್ಯಾಡ್ ಬುಲ್ 34’ರ ಹೆಸರಿನಲ್ಲಿರುವ 34 ಅಂದರೆ 34ನೇ ಪ್ರಿಸಿಂಕ್ಟ್. ಅದು ಕಲ್ಪನೆ ಅಲ್ಲ, ನಿಜವಾದ ಪೊಲೀಸ್ ಠಾಣೆ. ಮ್ಯಾನ್‌ಹ್ಯಾಟನ್ನಿನ ಉತ್ತರಕ್ಕೆ, ವಾಷಿಂಗ್ಟನ್ ಹೈಟ್ಸ್‌ನಲ್ಲಿ, ಬ್ರಾಡ್‌ವೇ ರಸ್ತೆಯಲ್ಲೇ ಇದೆ. ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿದರೆ ನಮ್ಮ ಕಡೆಯಿಂದ ಹತ್ತಿರ. ನಾನು ಆಗಾಗ ಹೋಗುವ ಜಾಗ. ಇಂದು ಅಲ್ಲಿ ಬೀದಿ ತುಂಬ ಸ್ಪ್ಯಾನಿಷ್ ಮಾತು, ಡೊಮಿನಿಕನ್ ಹೋಟೆಲುಗಳು, ಫುಟ್‌ಪಾತಿನಲ್ಲಿ ಮಾವಿನಹಣ್ಣು ಹೆಚ್ಚಿ ಕೊಡುವ ಗಾಡಿಗಳು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುವ ಅಜ್ಜಿಯರು. ಮ್ಯಾಡ್ ಬುಲ್ ನೋಡಿ ಅಲ್ಲಿಗೆ ಹೋದರೆ ಯಾರೂ ನಂಬುವುದಿಲ್ಲ.

ಆದರೆ ಆ ಕಾಲದ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. 1990ರಲ್ಲಿ ನ್ಯೂಯಾರ್ಕ್ ನಗರದಲ್ಲಿ 2,200ಕ್ಕೂ ಜಾಸ್ತಿ ಕೊಲೆಗಳಾದವು. ನಗರ ಕಂಡ ಅತಿ ಕೆಟ್ಟ ವರ್ಷ ಅದು. ಕ್ರ್ಯಾಕ್ ಕೊಕೇನ್ ಹಾವಳಿಯಿಂದ ವಾಷಿಂಗ್ಟನ್ ಹೈಟ್ಸ್ ತುಂಬ ನೊಂದಿತ್ತು. ಇಡೀ ನ್ಯೂಯಾರ್ಕ್ ನಗರದಲ್ಲಿ 2017ರಲ್ಲಿ ಕೊಲೆಗಳ ಸಂಖ್ಯೆ 300ಕ್ಕಿಂತ ಕೆಳಗಿಳಿದಿತ್ತು. ಅಂದರೆ ಈ ಓವಿಎ ಬಂದದ್ದು ಸರಿಯಾಗಿ ಆ ಕೆಟ್ಟ ಹೊತ್ತಿನಲ್ಲಿ. ಕಥೆ ಬರೆದ ಕಝುವೋ ಕೊಯಿಕೆ ಆ ಕಾಲದ ಭಯವನ್ನು ಹತ್ತು ಪಟ್ಟು ಊದಿಸಿದರು. ನೀವು ನೋಡಿದ ಆ ಭಾರೀ ಆಳು, ಸ್ಲೀಪಿ ಜಾನ್, ವೇಶ್ಯೆಯರಿಂದ ದುಡ್ಡು ತೆಗೆದುಕೊಳ್ಳುವ ಪೊಲೀಸ್. ಜೊತೆಗಿರುವ ಹೊಸಬ ದೈಜಬುರೊ, ಜಪಾನಿ ಮೂಲದ ಹುಡುಗ, ಅದನ್ನು ಕಂಡು ಕುದಿಯುತ್ತಾನೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಆಮೇಲೆ ಗೊತ್ತಾಗುತ್ತದೆ. ಅಲ್ಲಿ ನನಗೆ ಈ ಕಥೆಯ ಮೇಲೆ ನಿಜಕ್ಕೂ ಪ್ರೀತಿ ಹುಟ್ಟಿತು.

ಒಂದು ಬೇಸರವೂ ಇದೆ. ಆ ಬೀದಿಯಲ್ಲಿ ಆಗ ಬದುಕುತ್ತಿದ್ದ ಸಾಮಾನ್ಯ ಜನ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದವರು, ಈ ಚಿತ್ರಗಳಲ್ಲಿ ಇಲ್ಲವೇ ಇಲ್ಲ. ಇರುವವರು ಕಳ್ಳರು, ಗುಂಡು ತಿಂದು ಬೀಳುವವರು. ಕಪ್ಪು ಜನರನ್ನು, ಲ್ಯಾಟಿನೋ ಜನರನ್ನು ತೋರಿಸಿರುವ ರೀತಿ ಕೆಲವು ಕಡೆ ನೋಡೋಕೇ ಆಗುವುದಿಲ್ಲ. ಅದನ್ನೂ ಗಮನಿಸುತ್ತಾ ನೋಡಿ.

ಧಾರವಾಡದಿಂದ

ನ್ಯೂಜೆರ್ಸಿಯವರ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ದೇಶವನ್ನೂ ಹೀಗೇ ಬರೆದಿದ್ದಾರೆ.

‘ಜೋಜೋಸ್ ಬಿಝಾರ್ ಅಡ್ವೆಂಚರ್’ನ ಮೂರನೇ ಭಾಗ, ಹಿರೊಹಿಕೊ ಅರಾಕಿ ಬರೆದ ಕಾಮಿಕ್ಸ್, 1989ರಿಂದ 92ರವರೆಗೆ ಪತ್ರಿಕೆಯಲ್ಲಿ ಬಂತು. ಜಪಾನಿನಿಂದ ಕೈರೋವರೆಗಿನ ಪ್ರಯಾಣದ ಕಥೆ, ದಾರಿಯಲ್ಲಿ ಕೋಲ್ಕತ್ತ, ವಾರಾಣಸಿ ಸಿಗುತ್ತವೆ. 2014ರ ಟಿವಿ ಸರಣಿಯಲ್ಲಿ ಅದನ್ನು ನಾನು ನೋಡಿದೆ. ಕೋಲ್ಕತ್ತದಲ್ಲಿ ಇಳಿದ ತಕ್ಷಣ ಜನ ಮುತ್ತಿಕೊಳ್ಳುತ್ತಾರೆ, ಕೈಚಾಚುವ ಮಕ್ಕಳು, ಗದ್ದಲ. ಹೋಟೆಲಿನ ಟಾಯ್ಲೆಟ್ ಒಳಗಿನಿಂದ ಹಂದಿ ಮೂತಿ ತೂರಿಸುತ್ತದೆ. ನನ್ನ ತಂಗಿ ಬಿದ್ದು ಬಿದ್ದು ನಕ್ಕಳು, ನನಗೆ ನಗು ಬರಲಿಲ್ಲ. ಹಾಗಂತ ಪೂರ್ತಿ ಕೋಪವೂ ಬರಲಿಲ್ಲ. ಪ್ರಯಾಣ ಹೊರಟವರ ಗುಂಪಿನಲ್ಲಿ ಒಬ್ಬ ಗಾಬರಿಯಾಗುತ್ತಾನೆ, ಇನ್ನೊಬ್ಬನಿಗೆ ಆ ಗಲಾಟೆಯೇ ಹಿಡಿಸುತ್ತದೆ. ಅಷ್ಟರ ಮಟ್ಟಿಗೆ ಬರೆದವರು ಎರಡೂ ಕಡೆ ಯೋಚಿಸಿದ್ದಾರೆ.

ಅವತ್ತಿನಿಂದ ನಾನು ಹಳೇ ಅನಿಮೆಯ ಷಿಕಾಗೋ, ಹಾಂಗ್‌ಕಾಂಗ್ ನೋಡುವ ರೀತಿಯೇ ಬೇರೆಯಾಯಿತು. ಅಲ್ಲಿಯವರು ಇದನ್ನು ನೋಡಿದರೆ ಏನು ಅನ್ನಿಸುತ್ತಿತ್ತು ಅಂತ ಮೊದಲು ಯೋಚನೆ ಬರುತ್ತದೆ.

ಇನ್ನು ಹಿಂಸೆ ಬಗ್ಗೆ. ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ. ತಲೆ ಹಾರುವುದು, ಕೈ ಕಾಲು ತುಂಡಾಗುವುದು, ಇವಕ್ಕೆ ಸ್ವಲ್ಪ ಹೊತ್ತಿನಲ್ಲೇ ಕಣ್ಣು ಒಗ್ಗಿಕೊಳ್ಳುತ್ತದೆ. ಒಗ್ಗದ್ದು ಬೇರೆ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಈ ಕಾಲದ ಅನಿಮೆಯಲ್ಲಿ ತುಂಬ ಇದೆ. ‘ಗೊಲ್ಗೊ 13’ರಲ್ಲಿ ಇದೆ. ಯೋಶಿಯಾಕಿ ಕವಾಜಿರಿಯ ‘ವಿಕೆಡ್ ಸಿಟಿ’ (1987) ಬೆಳಕು, ನೆರಳು, ನೀಲಿ ಬಣ್ಣದ ವಿಷಯದಲ್ಲಿ ಎಷ್ಟು ಚೆಂದವೋ ಈ ವಿಷಯದಲ್ಲಿ ಅಷ್ಟೇ ಕಷ್ಟ. ನಾನು ಅಂಥ ದೃಶ್ಯ ಬಂದರೆ ಮುಂದಕ್ಕೆ ಓಡಿಸುತ್ತೇನೆ. ಅದರಿಂದ ಸಿನಿಮಾಕ್ಕೇನೂ ನಷ್ಟ ಇಲ್ಲ. ಮನೆಯಲ್ಲಿ ಹಾಲ್‌ನ ಟಿವಿಯಲ್ಲಿ ಹಾಕಬೇಡಿ, ಚಿಕ್ಕವರು ಇದ್ದರಂತೂ ಬೇಡವೇ ಬೇಡ.

‘ಏಂಜೆಲ್ ಕಾಪ್’ ಅಂತ ಯಾರಾದರೂ ಹೇಳಿದರೆ ಒಂದು ವಿಷಯ ತಿಳಿದಿರಲಿ. ಅದರ ಮೂಲ ಜಪಾನಿ ಕಥೆಯಲ್ಲಿ ಯಹೂದಿಗಳ ಮೇಲೆ ಹಸಿ ದ್ವೇಷ ಇದೆ. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಅದನ್ನು ಬದಲಾಯಿಸಿದರು. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಮಂಗಳೂರಿನಿಂದ

ರಕ್ತ ಜಾಸ್ತಿ ಬೇಡ, ಊರು ಬೇಕು ಅಂದರೆ ಷಿಕಾಗೋಗೆ ಹೋಗಿ ಮಾರಾಯ್ರೆ! ಕೆನಿಚಿ ಸೊನೊದಾ ಅವರ ‘ರೈಡಿಂಗ್ ಬೀನ್’ (1989), ಆಮೇಲೆ ‘ಗನ್‌ಸ್ಮಿತ್ ಕ್ಯಾಟ್ಸ್’ (1995–96, ಮೂರೇ ಭಾಗ). ಮೊದಲನೆಯದು ಗರಂ, ಎರಡನೆಯದು ಅಚ್ಚುಕಟ್ಟು. ಗನ್‌ಸ್ಮಿತ್ ಕ್ಯಾಟ್ಸ್ ತಂಡ ಷಿಕಾಗೋಗೇ ಹೋಗಿ ಜಾಗ ನೋಡಿಕೊಂಡು ಬಂದಿತ್ತು. ಅದು ಪ್ರತಿ ಚೌಕಟ್ಟಿನಲ್ಲೂ ಗೊತ್ತಾಗುತ್ತದೆ. ಸುಮ್ನೆ ‘ಅಮೆರಿಕದ ಒಂದು ಊರು’ ಅಲ್ಲ ಅದು, ಷಿಕಾಗೋನೇ. ಸಂಗೀತ ಜಾಝ್ ಡ್ರಮ್ಮರ್ ಪೀಟರ್ ಎರ್ಸ್‌ಕಿನ್ ಅವರದು. ಕಾರಿನ ಹುಚ್ಚಿದ್ದರಂತೂ ಆ ಶೆಲ್ಬಿ ಕೋಬ್ರಾ ಜಿಟಿ 500 ಗಿಯರ್ ಬದಲಿಸುವುದನ್ನು ನೋಡಿ, ಸಾಕು. ಬೀನ್‌ನ ಕಾರು ಅಡ್ಡಡ್ಡ ಹೋಗುತ್ತದೆ! ಚಕ್ರ ಅಷ್ಟು ತಿರುಗುತ್ತದೆ.

ಡಬ್ಬಿಂಗೋ, ಸಬ್‌ಟೈಟಲ್ಲೋ ಅಂತಲೂ ನೀವು ಸದ್ಯದಲ್ಲೇ ಕೇಳುತ್ತೀರಿ. 90ರ ದಶಕದಲ್ಲಿ ಬ್ರಿಟನ್ನಿನ ಮಾಂಗಾ ವಿಡಿಯೋ ಕಂಪನಿಯವರು ಡಬ್ಬಿಂಗ್‌ನಲ್ಲಿ ಬೇಕೆಂದೇ ಬೈಗುಳ ತುಂಬುತ್ತಿದ್ದರು, ದೊಡ್ಡವರ ಸರ್ಟಿಫಿಕೇಟ್ ಸಿಕ್ಕರೆ ಮಾರಾಟ ಚೆನ್ನಾಗಿ ಆಗುತ್ತದೆ ಅಂತ. ‘ಸೈಬರ್ ಸಿಟಿ ಓಎಡೊ 808’ ಆ ಥರದ್ದು. ಆ ಡಬ್ಬಿಂಗ್‌ಗೂ ಅಭಿಮಾನಿಗಳಿದ್ದಾರೆ, ನಾನೂ ಒಬ್ಬ. ಆದರೆ ಮೊದಲ ಸಲ ಜಪಾನಿ ಧ್ವನಿಯಲ್ಲೇ ನೋಡಿ.

ಬೆಂಗಳೂರಿನಿಂದ, ಮತ್ತೆ

ಪ್ರಿಂಟ್ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು, ಅದು ಮುಖ್ಯ. ಓವಿಎಗಳು ಹಳೇ ಟಿವಿಯ 4:3 ಅಳತೆಯಲ್ಲಿ ಇರುತ್ತವೆ. ಅಗಲಕ್ಕೆ ಎಳೆದು ನೋಡಬೇಡಿ, ಮುಖಗಳೂ ಕಾರುಗಳೂ ಚಪ್ಪಟೆಯಾಗುತ್ತವೆ. ಅಕ್ಕಪಕ್ಕ ಕಪ್ಪು ಪಟ್ಟಿ ಇರಲಿ. ಕಂಪ್ಯೂಟರಿನಲ್ಲಿ ‘4ಕೆ ಮಾಡಿದ್ದೇವೆ’ ಅಂತ ಹಾಕಿರುವ ತುಣುಕುಗಳಲ್ಲಿ ಬ್ರಷ್ಷಿನ ಗುರುತೆಲ್ಲ ಉಜ್ಜಿಹೋಗಿ ಗೋಡೆಗಳು ಪ್ಲಾಸ್ಟಿಕ್ ಆಗಿರುತ್ತವೆ. ಫಿಲ್ಮಿನ ಕಣ ಕಾಣಬೇಕು. ಡಿಸ್ಕೊಟೆಕ್, ಅನಿಮೈಗೋದಂಥ ಕಂಪನಿಗಳು ಹಳೆಯದನ್ನು ಅಧಿಕೃತವಾಗಿ ಹೊರತಂದಿವೆ, ಸಾಧ್ಯವಾದರೆ ಅವನ್ನೇ ಹುಡುಕಿ.

ಹಾಂಗ್‌ಕಾಂಗ್ ಬಗ್ಗೆ ಧಾರವಾಡದವರು ಅಂದರಲ್ಲ, ಅದಕ್ಕೆ ಎರಡು ತುದಿಗಳಿವೆ. ಒಂದು ‘ಜೆನೋಸೈಬರ್’ (1994), ಕೊಯಿಚಿ ಒಹಾತಾ ನಿರ್ದೇಶನ. ಮೊದಲ ಭಾಗ ನಡೆಯುವುದು ಹಾಂಗ್‌ಕಾಂಗ್‌ನಲ್ಲಿ. ನಾನು ನೋಡಿದ್ದರಲ್ಲೇ ಅತಿ ಕ್ರೂರ, ಮಕ್ಕಳನ್ನೂ ಬಿಡುವುದಿಲ್ಲ. ಹೊಸಬರಿಗೆ ಖಂಡಿತ ಬೇಡ.

ಇನ್ನೊಂದು ‘ಗೋಸ್ಟ್ ಇನ್ ದಿ ಶೆಲ್’ (1995), ಮಾಮೊರು ಒಶಿಯಿ. ಕಥೆಯ ಊರಿಗೆ ಹೆಸರು ಬೇರೆ, ಮಾದರಿ ಹಾಂಗ್‌ಕಾಂಗ್. ಸಿನಿಮಾದ ನಡುವೆ ಕಥೆಯನ್ನು ಪಕ್ಕಕ್ಕಿಟ್ಟು ಮೂರು ನಿಮಿಷ ಬರೀ ಊರನ್ನು ತೋರಿಸುತ್ತಾರೆ. ಮಾತಿಲ್ಲ, ಕೆಂಜಿ ಕವಾಯಿ ಸಂಗೀತ ಮಾತ್ರ. ಕಾಲುವೆಯ ನೀರು, ಒಂದರ ಮೇಲೊಂದು ನೇತಾಡುವ ಬೋರ್ಡುಗಳು, ಮಳೆ, ಹಳದಿ ಛತ್ರಿಗಳು. ವಿಮಾನವೊಂದು ಕಟ್ಟಡಗಳ ನೆತ್ತಿ ಸವರಿಕೊಂಡು ಹಾರುತ್ತದೆ. ಅದು ಅತಿರೇಕ ಅಲ್ಲ. ಊರಿನ ನಡುವಿದ್ದ ಕೈ ತಾಕ್ ವಿಮಾನ ನಿಲ್ದಾಣಕ್ಕೆ ವಿಮಾನಗಳು ಹಾಗೇ ಇಳಿಯುತ್ತಿದ್ದವು. 1998ರಲ್ಲಿ ಆ ನಿಲ್ದಾಣ ಮುಚ್ಚಿತು. ಜನ ಕಿಕ್ಕಿರಿದಿದ್ದ ಕೌಲೂನ್ ಕೋಟೆಬಡಾವಣೆಯನ್ನು 1993–94ರಲ್ಲೇ ಕೆಡವಿದ್ದರು. ನಿಮ್ಮ ಅಣ್ಣ ಗಂಟೆಗಟ್ಟಲೆ ಮಾತಾಡುವುದು ಯಾಕೆ ಅಂತ ನನಗೆ ಗೊತ್ತು. ಅವರು ನೆನೆಸಿಕೊಳ್ಳುವ ಊರುಗಳಲ್ಲಿ ಕೆಲವು ಈಗ ಆ ಹಾಳೆಗಳ ಮೇಲೆ ಮಾತ್ರ ಇವೆ.

ಮೈಸೂರಿನಿಂದ, ಕೇಳಿದವನೇ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಶನಿವಾರ ರಾತ್ರಿ ಅಣ್ಣನ ರೂಮಿನಲ್ಲಿ ‘ಗನ್‌ಸ್ಮಿತ್ ಕ್ಯಾಟ್ಸ್’ ಮೂರೂ ಭಾಗ ಒಟ್ಟಿಗೆ ನೋಡುವುದು ಅಂತ ಆಗಿದೆ. ಆಮೇಲೆ ‘ಗೊಲ್ಗೊ’, ಧಾರವಾಡದವರು ಹೇಳಿದ ಹಾಗೆ ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ. ‘ಜೆನೋಸೈಬರ್’ ಸದ್ಯಕ್ಕೆ ಬೇಡ. ಅಣ್ಣ ‘ಸ್ಪ್ರಿಗನ್’ (1998) ಹೆಸರೂ ಹೇಳುತ್ತಿದ್ದಾನೆ, ಇಸ್ತಾಂಬುಲ್ ಬೀದಿಗಳಲ್ಲಿ ಅಟ್ಟಾಡಿಸುವ ದೃಶ್ಯ ಇದೆಯಂತೆ. ಇಸ್ತಾಂಬುಲ್ ನೋಡಿ ಬಂದವರು ಯಾರಾದರೂ ಇದ್ದರೆ ಆ ಬೀದಿಗಳು ಎಷ್ಟು ಸರಿ ಇವೆ ಅಂತ ಹೇಳಿ.