ಪದಚರ್ಚೆ: ‘ಸೆನೋಟೆ’, ‘ಈಜುವ ಗುಹೆ’, ‘ಜಿಪ್‌ಲೈನ್’ – ಇವುಗಳನ್ನು ಕನ್ನಡದಲ್ಲಿ ಹೇಗೆ ಬರೆಯುವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕನ್ನಡ ಕೂಟವೊಂದರ ವಾರ್ಷಿಕ ಸಂಚಿಕೆಗೆ ಬಂದಿರುವ ಪ್ರವಾಸ ಲೇಖನವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೆಕ್ಸಿಕೊ ದೇಶದ ಕಿಂತಾನಾ ರೋ ರಾಜ್ಯದಲ್ಲಿ, ಕ್ಯಾಂಕೂನಿನಿಂದ ಕೆರಿಬಿಯನ್ ಕಡಲಂಚಿಗುಂಟ ದಕ್ಷಿಣಕ್ಕೆ ಹೋದರೆ ಸಿಗುವ ಪ್ಲಾಯಾ ದೆಲ್ ಕಾರ್ಮೆನ್ ಊರಿನ ಬಳಿ, 2009ರಲ್ಲಿ ತೆರೆದ ಎಕ್ಸ್‌ಪ್ಲೋರ್ ಎಂಬ ಸಾಹಸ ತಾಣಕ್ಕೆ ಕುಟುಂಬವೊಂದು ಹೋಗಿಬಂದ ಕಥೆ ಅದು. ಬರಹದಲ್ಲಿ ಲವಲವಿಕೆ ಇದೆ. ಆದರೆ ನಡುವೆ ಹೀಗೊಂದು ವಾಕ್ಯ ಬರುತ್ತದೆ: “ಬೆಳಿಗ್ಗೆ ಎಲ್ಲ ಜಿಪ್‌ಲೈನ್‌ಗಳನ್ನು ಮಾಡಿ ಮುಗಿಸಿ, ಮಧ್ಯಾಹ್ನ ಈಜುವ ಗುಹೆಗಳನ್ನು ಮಾಡಿದೆವು, ಮರುದಿನ ಸೆನೋಟ್‌ಗೆ ಹೋದೆವು.” ಈ ಒಂದೇ ವಾಕ್ಯದಲ್ಲಿ ಚರ್ಚೆಗೆ ಬೇಕಾದುದೆಲ್ಲ ಇದೆ ಎಂದು ತೋರಿದ್ದರಿಂದ ಬಳಗದ ಮುಂದಿಡುತ್ತಿದ್ದೇನೆ.

ಮೊದಲು ಅಲ್ಲಿನ ನೆಲದ ಗುಣವನ್ನು ಹೇಳಬೇಕು, ಏಕೆಂದರೆ ಪದದ ಆಯ್ಕೆ ಅದನ್ನೇ ಅವಲಂಬಿಸಿದೆ. ಯುಕತಾನ್ ಪರ್ಯಾಯ ದ್ವೀಪದ ಉತ್ತರ ಭಾಗವೆಂದರೆ ಬಹುಮಟ್ಟಿಗೆ ಸುಣ್ಣಕಲ್ಲಿನ ಹಾಸು. ಮಳೆ ಚೆನ್ನಾಗಿಯೇ ಬೀಳುತ್ತದೆ, ಆದರೆ ನೆಲದ ಮೇಲೆ ಹರಿಯುವ ನದಿ ಇಲ್ಲವೆನ್ನುವಷ್ಟು ಅಪರೂಪ. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾದ ನೀರು ಕಲ್ಲನ್ನು ಕರಗಿಸುತ್ತ ಇಳಿದು, ನೆಲದಡಿಯಲ್ಲೇ ದಾರಿ ಮಾಡಿಕೊಂಡು ಕಡಲನ್ನು ಸೇರುತ್ತದೆ. ಹಿಮಯುಗದಲ್ಲಿ ಕಡಲಿನ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿದ್ದಾಗ ಈ ದಾರಿಗಳೆಲ್ಲ ಒಣಗವಿಗಳಾಗಿದ್ದವು. ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಲ್ಲುಗಳು ಬೆಳೆದದ್ದು ಆಗಲೇ, ಏಕೆಂದರೆ ಅವು ಗಾಳಿಯಲ್ಲಿ ಹನಿ ತೊಟ್ಟಿಕ್ಕಿದರೆ ಮಾತ್ರ ಬೆಳೆಯುತ್ತವೆ, ನೀರಿನೊಳಗೆ ಬೆಳೆಯುವುದಿಲ್ಲ. ಮುಂದೆ ಹಿಮ ಕರಗಿ ಕಡಲು ಏರಿದಾಗ ಗವಿಗಳಲ್ಲಿ ನೀರು ತುಂಬಿತು. ತುಲುಮ್ ಊರಿನ ಹತ್ತಿರದ ಸಾಕ್ ಆಕ್ತುನ್ ಎಂಬ ಜಾಲವು ಪಕ್ಕದ ದೋಸ್ ಓಹೋಸ್ ಜಾಲಕ್ಕೆ ಕೂಡಿಕೊಂಡಿದೆ ಎಂದು ಮುಳುಗುಗಾರರು 2018ರಲ್ಲಿ ಕಂಡುಕೊಂಡಾಗ ಅದರ ಒಟ್ಟು ಉದ್ದ 347 ಕಿಲೋಮೀಟರ್ ಎಂದು ಲೆಕ್ಕ ಹಾಕಲಾಯಿತು. ಅದೇ ಜಾಲದ ಓಯೋ ನೇಗ್ರೋ ಎಂಬ ಆಳದ ಗುಂಡಿಯಲ್ಲಿ, ಗವಿ ಇನ್ನೂ ಒಣಗಿದ್ದ ಕಾಲದಲ್ಲಿ ಬಿದ್ದು ಸತ್ತ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ 2007ರಲ್ಲಿ ದೊರೆಯಿತು. ಅದಕ್ಕೆ 12,000 ವರ್ಷಗಳಿಗೂ ಮೀರಿದ ವಯಸ್ಸು. ಆದ್ದರಿಂದ ಪ್ರವಾಸಿಗಳಿಗೆ ತೋರಿಸುವ ‘ನೆಲದಡಿಯ ನದಿ’ ಮೊದಲು ಗವಿ, ಆಮೇಲೆ ನದಿ. ಕನ್ನಡ ಪದವೂ ಈ ಕ್ರಮವನ್ನು ಹಿಡಿದರೆ ಒಳ್ಳೆಯದು.

ಈ ಗವಿಗಳ ಚಾವಣಿ ಅಲ್ಲಲ್ಲಿ ಕುಸಿದು, ಒಳಗಿನ ನೀರು ಮೇಲಿನಿಂದ ಕಾಣುವಂತಾದ ಜಾಗವೇ ಸೆನೋಟೆ. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಭಾಷೆಯ ‘ತ್ಸೊನೋತ್’ ಎಂಬ ಪದವನ್ನು ಸ್ಪ್ಯಾನಿಷ್ ಜನರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಾಗ ಈ ರೂಪ ಹುಟ್ಟಿತು. ಸ್ಪ್ಯಾನಿಷ್‌ನಲ್ಲಿ ಕೊನೆಯ ಎಕಾರವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾರೆ. ಇಂಗ್ಲಿಷಿನ ಬರಹವನ್ನು ನೋಡಿ ನಾವು ‘ಸೆನೋಟ್’ ಎಂದು ಮೊಟಕುಗೊಳಿಸುವುದಕ್ಕೆ ಯಾವ ಕಾರಣವೂ ಇಲ್ಲ. ಸ್ವರಾಂತ್ಯ ಕನ್ನಡಕ್ಕೆ ಸಹಜವಾದುದು. ‘ಕೋಟೆ’ಗೆ ಹತ್ತುವ ವಿಭಕ್ತಿಗಳೆಲ್ಲ ‘ಸೆನೋಟೆ’ಗೂ ತೊಡಕಿಲ್ಲದೆ ಹತ್ತುತ್ತವೆ: ಸೆನೋಟೆಯಲ್ಲಿ, ಸೆನೋಟೆಗೆ, ಸೆನೋಟೆಗಳು. ‘ಸೆನೋಟ್‌ನಲ್ಲಿ’, ‘ಸೆನೋಟ್‌ಗಳ’ ಎಂದು ಅರ್ಧಾಕ್ಷರ ತೊಡಿಸಿ ಬರೆಯುವ ಕಷ್ಟವೂ ತಪ್ಪುತ್ತದೆ. ಊರ ಹೆಸರುಗಳಲ್ಲಿಯೂ ಇದೇ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಎಕ್ಸ್ ಅಕ್ಷರದಿಂದ ತೊಡಗುವ ಅಲ್ಲಿನ ಮಾಯಾ ಹೆಸರುಗಳಲ್ಲಿ ಆ ಅಕ್ಷರಕ್ಕೆ ಶಕಾರದ ಉಚ್ಚಾರವಿದೆ. ಹಾಗಾಗಿ 1990ರಲ್ಲಿ ತೆರೆದ ಹಳೆಯ ತಾಣ ‘ಶ್ಕರೆತ್’, ಕಡಲ ಕೊಲ್ಲಿಯೊಳಗಿನ ಮತ್ತೊಂದು ತಾಣ ‘ಶೆಲ್‌ಹಾ’. ‘ಹಾ’ ಎಂದರೆ ಮಾಯಾ ಭಾಷೆಯಲ್ಲಿ ನೀರು. ‘ಎಕ್ಸ್‌ಪ್ಲೋರ್’ ಮಾತ್ರ ವ್ಯಾಪಾರಕ್ಕೆಂದು ಕಟ್ಟಿದ ಹೆಸರಾದುದರಿಂದ ಇದ್ದಂತೆಯೇ ಇರಲಿ.

ಸೆನೋಟೆ ಎಂದು ಬರೆದರೆ ಸಾಕೇ, ಜೊತೆಗೊಂದು ಕನ್ನಡ ವಿವರಣೆ ಬೇಡವೇ? ಬೇಕೆಂದು ನನ್ನ ಅಭಿಪ್ರಾಯ. ‘ಬಾವಿ’ಯ ಪರವಾಗಿ ಒಂದು ಬಲವಾದ ವಾದವಿದೆ. ಚಿಚೆನ್ ಇತ್ಸಾ ಎಂಬ ಪ್ರಸಿದ್ಧ ಊರಿನ ಹೆಸರಿಗೆ ‘ಇತ್ಸಾ ಜನರ ಬಾವಿಯ ಬಾಯಿ’ ಎಂದೇ ಅರ್ಥ, ಅಲ್ಲಿನ ಬಾವಿಯೆಂದರೆ ಮಳೆಯ ದೇವರಿಗೆ ಹರಕೆ ಒಪ್ಪಿಸುತ್ತಿದ್ದ ದೊಡ್ಡ ಸೆನೋಟೆಯೇ. ಆದರೆ ನಮ್ಮಲ್ಲಿ ಬಾವಿಯನ್ನು ತೋಡಿಸುತ್ತೇವೆ, ತೆಗೆಸುತ್ತೇವೆ. ತಾನಾಗಿ ಕುಸಿದು ಆದ ಬಾವಿ ಓದುಗನ ಕಣ್ಣಿಗೆ ಬರುವುದಿಲ್ಲ. ‘ಹೊಂಡ’ವೆಂದರೆ ಚಿತ್ರದುರ್ಗದವರಿಗೆ ಮೆಟ್ಟಿಲು ಕಟ್ಟಿದ ಸಂತೆಹೊಂಡ ನೆನಪಾಗುತ್ತದೆ, ಕರಾವಳಿಯವರಿಗೆ ಮಳೆಗಾಲದ ರಸ್ತೆ ನೆನಪಾಗುತ್ತದೆ, ಕೃಷಿ ಇಲಾಖೆಯವರಿಗೆ ಸಹಾಯಧನ ನೆನಪಾಗುತ್ತದೆ. ‘ಪುಷ್ಕರಣಿ’, ‘ಕಲ್ಯಾಣಿ’ಗಳು ಕಟ್ಟಿದ ಕೊಳಗಳು. ‘ದೊಣೆ’ ತುಸು ಹತ್ತಿರ ಬರುತ್ತದೆ, ಮನುಷ್ಯನ ಕೈಯಿಲ್ಲದೆ ಬಂಡೆಯಲ್ಲಿ ನೀರು ನಿಂತ ಜಾಗ ಅದು. ಆದರೆ ದೊಣೆಯ ನೀರು ಮೇಲಿನಿಂದ ಬಿದ್ದ ಮಳೆಯದು, ಸೆನೋಟೆಯ ನೀರು ಕೆಳಗಿನಿಂದ ಬಂದದ್ದು. ನನಗೆ ಹಿಡಿಸಿದ್ದು ‘ಮಡು’. ಹರಿವಿನ ನಡುವೆ ಆಳವಾಗಿ, ಮೇಲೆ ನಿಶ್ಚಲವಾಗಿ ಕಾಣುವ ನೀರಿಗೆ ಕನ್ನಡ ಕೊಟ್ಟ ಹೆಸರು ಅದು, ಮತ್ತು ಸೆನೋಟೆಯೂ ಕಣ್ಣಿಗೆ ಕಾಣದ ಹರಿವೊಂದರ ಆಳದ ಜಾಗವೇ. ಮೊದಲ ಸಲ ‘ಸೆನೋಟೆ ಎಂಬ ಗವಿಮಡು’ ಎಂದು ಬರೆದು, ಮುಂದೆ ಸೆನೋಟೆ ಎಂದಷ್ಟೇ ಬಳಸಿದರೆ ಹೇಗೆ? ಸಿಹಿನೀರಿನ ಪದರದ ಕೆಳಗೆ ಕಡಲಿನ ಉಪ್ಪುನೀರು ನಿಂತು, ಎರಡೂ ಕೂಡುವಲ್ಲಿ ನೋಟ ಮಸುಕಾಗುವುದನ್ನು ಲೇಖಕರು ಚೆನ್ನಾಗಿ ಬಣ್ಣಿಸಿದ್ದಾರೆ; ಆ ನಡುವಣ ಪದರಕ್ಕೆ ‘ಸವಳು ನೀರು’ ಎಂಬ ಮಾತು ಸಿದ್ಧವಾಗಿಯೇ ಇದೆ, ಬೇರೆ ಹುಡುಕುವ ಅಗತ್ಯವಿಲ್ಲ.

ಇನ್ನು ‘ಈಜುವ ಗುಹೆ’. ಸಂಪಾದಕ ಮಂಡಳಿಯ ಒಬ್ಬರು ಇದನ್ನು ನೋಡಿ “ಗುಹೆ ಈಜುತ್ತದೆಯೇ?” ಎಂದು ನಕ್ಕರು. ಆ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಮಲಗುವ ಕೋಣೆ ಮಲಗುವುದಿಲ್ಲ, ಬರೆಯುವ ಮೇಜು ಬರೆಯುವುದಿಲ್ಲ. ಕನ್ನಡದ ಕೃದಂತ ವಿಶೇಷಣ, ಎಂದರೆ ಕ್ರಿಯಾಪದದಿಂದ ಹುಟ್ಟಿದ ವಿಶೇಷಣ, ಕರ್ತೃವನ್ನೂ ಹೇಳಬಲ್ಲದು, ಎಡೆಯನ್ನೂ ಹೇಳಬಲ್ಲದು. ತೊಡಕಿರುವುದು ಉದ್ದೇಶದ ಧ್ವನಿಯಲ್ಲಿ. ಮಲಗುವ ಕೋಣೆ ಮಲಗಲೆಂದೇ ಕಟ್ಟಿದ್ದು, ಈಜುಕೊಳ ಈಜಲೆಂದೇ ಕಟ್ಟಿದ್ದು. ಅದೇ ಅಚ್ಚಿನಲ್ಲಿ ಎರಕ ಹೊಯ್ದ ‘ಈಜುಗುಹೆ’ಯೂ ಕಟ್ಟಿಸಿದ ಗುಹೆಯಂತೆ ಕೇಳುತ್ತದೆ. ಟಿಕೆಟ್, ದೀಪ, ಕಟ್ಟಿದ ಮೆಟ್ಟಿಲು ಎಲ್ಲವೂ ಇರುವ ತಾಣಕ್ಕೆ ಅದೇ ಸರಿ ಎಂದು ವಾದಿಸಬಹುದೇನೋ, ಆದರೆ ಗವಿಯನ್ನು ಯಾರೂ ಕಟ್ಟಿಸಿಲ್ಲ. ಮೇಲಾಗಿ ಅಲ್ಲಿ ಲೈಫ್ ಜಾಕೆಟ್ ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡೇ ನೀರಿಗಿಳಿಯಬೇಕು. ಕೈಕಾಲು ಆಡಿಸುವುದಕ್ಕಿಂತ ತೇಲುವುದೇ ಹೆಚ್ಚು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಬಾವಿಗೆ ‘ಈಜು ಬೀಳುವುದು’ ಎನ್ನುತ್ತಾರಲ್ಲ, ಆ ಧುಮುಕುವ ಧೈರ್ಯ ಇಲ್ಲಿ ಬೇಕಿಲ್ಲ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವರಿಗೆ ಲೈಫ್ ಜಾಕೆಟ್ಟನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ನೀರು ತುಂಬಿದ ಗವಿಯೊಳಗೆ ನಡೆದು ಹೋಗುವ ಅನುಭವ ಕನ್ನಡ ನಾಡಿಗೆ ಹೊಸದಲ್ಲ ಎಂಬುದನ್ನೂ ಗಮನಿಸಬೇಕು. ಬೀದರಿನ ಝರಣಿ ನರಸಿಂಹ ಗುಡಿಗೆ ಹೋಗುವ ಭಕ್ತರು ಎದೆಮಟ್ಟದ ನೀರಿನಲ್ಲಿ, ಬಾವಲಿಗಳು ತೂಗುವ ಚಾವಣಿಯಡಿಯಲ್ಲಿ ಸಾಗಿ ದೇವರನ್ನು ತಲುಪುತ್ತಾರೆ; ಮಂಗಳೂರು ಸೀಮೆಯ ನೆಲ್ಲಿತೀರ್ಥದಲ್ಲಿ ತೆವಳಿಕೊಂಡು ಒಳಹೋದರೆ ಲಿಂಗದ ಬಳಿಯಲ್ಲಿ ಕೊಳವಿದೆ. ಇವೆರಡನ್ನೂ ಜನ ‘ಗುಹಾಲಯ’, ‘ಗುಹಾ ದೇವಾಲಯ’ ಎನ್ನುತ್ತಾರೆಯೇ ಹೊರತು ‘ನೀರಿನ ಗುಹೆ’ ಎಂದು ಕರೆಯುವುದಿಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿ ಕುಡಿಯುವ ನೀರಿಗಾಗಿ ಮುರಕಲ್ಲನ್ನು ಅಡ್ಡಲಾಗಿ ಕೊರೆದ ‘ಸುರಂಗ’ಗಳಿವೆ, ಆ ಭಾಗದವರಿಗೆ ಸುರಂಗವೆಂದರೆ ನೀರೇ ಮೊದಲು ನೆನಪಾಗುತ್ತದೆ, ಉಳಿದವರಿಗೆ ರೈಲು. ಹಾಗಾಗಿ ‘ನೀರಿನ ಸುರಂಗ’ ಎಂಬುದೂ ಕೂಡಿಬರಲಿಲ್ಲ, ಏಕೆಂದರೆ ಸುರಂಗ ಕೊರೆದದ್ದು, ಗವಿ ಆದದ್ದು. ‘ನೀರ್ಗವಿ’ ಎಂಬ ಸಮಾಸ ಹೇಗಿರುತ್ತದೆ? ಕಿವಿಗೆ ಹಳಗನ್ನಡದ ಛಾಯೆ ಬಡಿಯುತ್ತದೆ ಎನ್ನುವವರಿದ್ದರೆ ‘ನೀರಿನ ಗವಿ’ ಎಂದು ಬಿಡಿಸಿ ಬರೆಯಬಹುದು. ‘ಗುಹೆ’ಗಿಂತ ‘ಗವಿ’ಯನ್ನು ಆರಿಸಿಕೊಂಡದ್ದು ನನ್ನ ರುಚಿಯಷ್ಟೇ, ಅದರ ಬಗ್ಗೆ ಹಟವಿಲ್ಲ.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಜಿಪ್‌ಲೈನ್, ಎಂದರೆ ಓರೆಯಾಗಿ ಎಳೆದ ಕೇಬಲ್ಲಿಗೆ ಜೋತು ಇಳಿಯುವ ಆಟ. ಪತ್ರಿಕೆಗಳು ‘ಜಿಪ್‌ಲೈನ್’ ಎಂದೇ ಬರೆಯುತ್ತವೆ, ದಾಂಡೇಲಿಗೆ ಹೋಗಿಬರುವ ಹುಡುಗರೂ ಹಾಗೆಯೇ ಹೇಳುತ್ತಾರೆ. ಆ ನಾಮಪದದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಬೇರೆ ಭಾಷೆಗಳೂ ಇದನ್ನು ಒಂದೇ ಬಗೆಯಲ್ಲಿ ಕಂಡಿಲ್ಲ. ಸ್ಪ್ಯಾನಿಷ್‌ನಲ್ಲಿ ಇದು ‘ತಿರೊಲೆಸಾ’, ಎಂದರೆ ಆಲ್ಪ್ಸ್ ಬೆಟ್ಟಸಾಲಿನ ಟಿರೋಲ್ ಸೀಮೆಯದು. ಕೋಸ್ಟರಿಕಾದಲ್ಲಿ ಇದನ್ನು ಮರಗಳ ನೆತ್ತಿಯ ಹೆಸರಿನಿಂದಲೇ ‘ಕೆನೊಪಿ’ ಎನ್ನುತ್ತಾರೆ. ಜೀವವಿಜ್ಞಾನಿ ಡೊನಾಲ್ಡ್ ಪೆರಿ 1970ರ ದಶಕದಲ್ಲಿ ಅಲ್ಲಿನ ಮಳೆಕಾಡಿನ ನೆತ್ತಿಯನ್ನು ಅಭ್ಯಾಸ ಮಾಡಲು ಹಗ್ಗಗಳನ್ನು ಬಳಸಿದ್ದರು, ಪ್ರವಾಸೋದ್ಯಮ ಹಿಂಬಾಲಿಸಿತು. ಯುಕತಾನಿನ ಕಾಡು ಅಷ್ಟು ಎತ್ತರದ್ದಲ್ಲವಾದುದರಿಂದ ಎಕ್ಸ್‌ಪ್ಲೋರಿನಲ್ಲಿ ಗೋಪುರ ಕಟ್ಟಿ, ಅಟ್ಟಣಿಗೆಯಿಂದ ಅಟ್ಟಣಿಗೆಗೆ ಕೇಬಲ್ ಎಳೆದಿದ್ದಾರೆ. ಲೇಖನದ ‘ಮರದಿಂದ ಮರಕ್ಕೆ’ ಎಂಬ ಮಾತನ್ನು ಅದಕ್ಕಾಗಿ ತೆಗೆಯಬೇಕಾಗಿದೆ.

ತಕರಾರಿರುವುದು ‘ಮಾಡಿದೆವು’ ಎಂಬ ಕ್ರಿಯಾಪದದ ಬಗ್ಗೆ. ಕನ್ನಡದಲ್ಲಿ ವಾಹನವನ್ನು ಹತ್ತುತ್ತೇವೆ, ಉಯ್ಯಾಲೆಯನ್ನು ಆಡುತ್ತೇವೆ, ಜಾರುಬಂಡೆಯಲ್ಲಿ ಜಾರುತ್ತೇವೆ. ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಪಟ್ಟಿಯ ಕೊಂಡಿಯನ್ನು ರಾಟೆಗೆ ಸಿಕ್ಕಿಸಿ, ಓರೆಯಾಗಿ ಎಳೆದ ಕೇಬಲ್ಲಿನ ಮೇಲೆ ತನ್ನ ಭಾರದಿಂದಲೇ ಇಳಿಯುವ ಈ ಆಟದಲ್ಲಿ ಮೈ ಮಾಡುವ ಕೆಲಸ ಯಾವುದು? ‘ಹಾರಿದೆವು’ ಎನ್ನುವುದು ಜಾಹೀರಾತಿನ ಮಾತು. ಮೈ ಜಾರುತ್ತದೆ. ಆದ್ದರಿಂದ ಕನ್ನಡ ಹೆಸರು ಬೇಕೇ ಬೇಕೆಂದರೆ ಜಾರುಬಂಡೆಯ ಜಾಡಿನಲ್ಲಿ ‘ಜಾರುಹಗ್ಗ’ ಎನ್ನಬಹುದು. ‘ಜಾರುತಂತಿ’ ಎಂದು ಒಬ್ಬರು ಸೂಚಿಸಿದರು. ತಂತಿಯೆಂದೊಡನೆ ವಿದ್ಯುತ್ತು ನೆನಪಾಗಿ ಜೀವ ಹೆದರುತ್ತದೆ ಎಂಬುದು ಒಂದು, ಆ ಕೇಬಲ್ ಒಂಟಿ ತಂತಿಯಲ್ಲ, ಅನೇಕ ಉಕ್ಕಿನ ಎಳೆಗಳನ್ನು ಹುರಿ ಹೊಸೆದು ಮಾಡಿದ್ದು ಎಂಬುದು ಇನ್ನೊಂದು. ಹುರಿಗೊಳಿಸಿದ್ದನ್ನು ಹಗ್ಗವೆನ್ನುವುದೇ ಸರಿ. ಅದೇ ತಾಣದಲ್ಲಿ ಬಲೆಯ ಜೋಲಿಯಲ್ಲಿ ಕುಳಿತು ಜಾರಿ ನೀರಿಗೆ ಬೀಳುವ ಆಟವೂ ಇದೆ; ಲೇಖಕರು ಅದನ್ನು ‘ಹ್ಯಾಮಕ್’ ಎಂದಿದ್ದಾರೆ, ‘ಜೋಲಿ’ ಎಂದು ತಿದ್ದಿದ್ದೇನೆ.

ಇಲ್ಲಿ ಶಿರಸಿ, ಸಿದ್ದಾಪುರ, ಸಾಗರದ ಸದಸ್ಯರ ನೆರವು ಬೇಕು. ಅಡಿಕೆ ಕೊಯ್ಲಿನಲ್ಲಿ ಕೊನೆಗೌಡರು, ಎಂದರೆ ಮರ ಹತ್ತಿ ಕೊಯ್ಯುವವರು, ಮರದ ನೆತ್ತಿಯಿಂದ ಕೊನೆಯನ್ನು (ಅಡಿಕೆಯ ಗೊಂಚಲನ್ನು) ಹಗ್ಗದ ಮೇಲೆ ಜಾರಿಬಿಟ್ಟಾಗ, ಕೆಳಗೆ ಹಗ್ಗದ ತುದಿ ಹಿಡಿದವರು ಅದನ್ನು ನೆಲಕ್ಕೆ ಬಡಿಯದಂತೆ ಬರಮಾಡಿಕೊಳ್ಳುತ್ತಾರೆ. ಇದು ಜಿಪ್‌ಲೈನ್ ಅಲ್ಲದೆ ಮತ್ತೇನು? ಆ ಹಗ್ಗಕ್ಕೆ ‘ನೇಣು’ ಎಂದೇ ಹೆಸರು, ಆ ಕೆಲಸಕ್ಕೆ ‘ನೇಣು ಹಿಡಿಯುವುದು’ ಎನ್ನುತ್ತಾರೆ. ನೇಣು ಹಳೆಯ, ಅಚ್ಚಗನ್ನಡದ, ಹಗ್ಗವೆಂಬ ಅರ್ಥದ ಪದ. ಆದರೆ ಪ್ರವಾಸಿ ತಾಣದ ಫಲಕದಲ್ಲಿ ‘ನೇಣಿಗೆ ದಾರಿ’ ಎಂದು ಬರೆದರೆ ಒಬ್ಬರೂ ಟಿಕೆಟ್ ಕೊಳ್ಳಲಾರರು. ಗಲ್ಲಿನ ಅರ್ಥ ಉಳಿದೆಲ್ಲ ಅರ್ಥಗಳನ್ನು ನುಂಗಿಬಿಟ್ಟಿದೆ. ಪದವನ್ನು ಬಿಟ್ಟರೂ ಕ್ರಿಯಾಪದವನ್ನು ಎರವಲು ಪಡೆಯಬಹುದಲ್ಲವೇ ಎಂಬುದು ನನ್ನ ಪ್ರಶ್ನೆ: ಕೊನೆ ಹಗ್ಗದ ಮೇಲೆ ಬರುವುದಕ್ಕೆ ನಿಮ್ಮಲ್ಲಿ ಜಾರು, ಇಳಿ, ಓಡು ಇವುಗಳಲ್ಲಿ ಯಾವುದನ್ನು ಬಳಸುತ್ತಾರೆ, ಅಥವಾ ಇವೆಲ್ಲಕ್ಕಿಂತ ಬೇರೆಯ ಮಾತಿದೆಯೇ?

ಸಣ್ಣವು ಎರಡು ಉಳಿದಿವೆ. ಚಾವಣಿಯಿಂದ ಇಳಿಯುವ ಮತ್ತು ನೆಲದಿಂದ ಏಳುವ ಸುಣ್ಣದ ಕಲ್ಲುಗಳಿಗೆ ‘ಇಳಿಗಲ್ಲು’, ‘ಏಳುಗಲ್ಲು’ ಎಂದು ಹಾಕಿದ್ದೇನೆ. ಮೈಯ ಜಿಡ್ಡು ತಾಗಿದರೆ ಅವು ಬೆಳೆಯುವುದು ನಿಲ್ಲುತ್ತದೆ, ಆದ್ದರಿಂದ ಮುಟ್ಟಬಾರದು ಎಂಬ ಸೂಚನೆಯಲ್ಲಿ ಚಿಕ್ಕ ಪದಗಳೇ ಅನುಕೂಲ. ಇನ್ನು ‘ಪರಿಸರಸ್ನೇಹಿ ಸಾಹಸ ಉದ್ಯಾನ’. ಉದ್ಯಾನವೆಂದರೆ ಹೂಗಿಡ ಕಣ್ಣಿಗೆ ಬರುತ್ತದೆ, ‘ತಾಣ’ ಸಾಕು. ‘ಪರಿಸರಸ್ನೇಹಿ’ ಎಂಬುದು ತಾಣದವರು ತಮಗೆ ತಾವೇ ಕೊಟ್ಟುಕೊಳ್ಳುವ ಪ್ರಶಸ್ತಿ, ಲೇಖಕರು ಅದನ್ನು ತಮ್ಮ ಮಾತಾಗಿ ಬರೆಯಬೇಕಾಗಿಲ್ಲ ಎಂದು ನನಗೆ ತೋರುತ್ತದೆ.

ಸದ್ಯಕ್ಕೆ ಆ ವಾಕ್ಯವನ್ನು ಹೀಗೆ ತಿದ್ದಿಟ್ಟಿದ್ದೇನೆ: “ಬೆಳಿಗ್ಗೆ ಜಿಪ್‌ಲೈನಿನ ಎಲ್ಲ ಹಗ್ಗಗಳ ಮೇಲೂ ಜಾರಿ, ಮಧ್ಯಾಹ್ನ ನೀರಿನ ಗವಿಗಳಲ್ಲಿ ಈಜಾಡಿ, ಮರುದಿನ ಸೆನೋಟೆ ಎಂಬ ಗವಿಮಡುವಿಗೆ ಹೋದೆವು.” ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ‘ಗವಿಮಡು’ವಿನ ಬಗ್ಗೆ, ಅದರಲ್ಲೂ ‘ಮಡು’ ಎಂದರೆ ಹೊಳೆಯ ಮಡುವೇ ಆಗಬೇಕೆಂದು ಅನ್ನಿಸುವವರು ನಿಮ್ಮಲ್ಲಿ ಇದ್ದರೆ, ದಯವಿಟ್ಟು ತಿಳಿಸಿ.